ನಾನು ಕತ್ತರಿಸಿದ ಎರಡು ಇಂಚು

ಘೌಸ್ ಸಾಹೇಬರ ಲೆಕ್ಕ ತಪ್ಪಿರಲಿಲ್ಲ — ನಾನು ಸುಳ್ಳು ಹೇಳಿದ್ದೆ. ನಕ್ಷೆಯಲ್ಲಿದ್ದ ಸರಿಯಾದ ಅಳತೆಯನ್ನು ಕಣ್ಣಾರೆ ಓದಿಕೊಂಡು, ಬೇಕೆಂದೇ, ಇನ್ನೊಂದು ಅಳತೆ ಹೇಳಿದ್ದೆ. ಇದನ್ನು ಬರೆಯಲು ಕೂತಾಗಲೆಲ್ಲ ‘ಬಾಯಿ ತಪ್ಪಿ ಬಂತು’ ಎಂದು ಬರೆಯುವ ಆಸೆಯಾಗುತ್ತದೆ. ಬಾಯಿ ತಪ್ಪಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಯಶವಂತಪುರದಲ್ಲಿ ಗಣಿ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಕಾರ್ಖಾನೆ. ಅಲ್ಲಿ ನಾನು ಡ್ರಾಫ್ಟ್ಸ್‌ಮನ್, ಅಂದರೆ ನಕ್ಷೆ ಬರೆಯುವವನು. ಘೌಸ್ ಸಾಹೇಬರು ಫಿಟ್ಟರ್, ಅದೂ ಟೆಂಪರರಿ. ಬಳ್ಳಾರಿ ಕಡೆಯ ಅದಿರು ಗಣಿಯಲ್ಲಿ ಹನ್ನೆರಡು ವರ್ಷ ದುಡಿದು, ಎದೆಗೆ ಧೂಳು ಹಿಡಿದು, ‘ಇನ್ನು ಗಣಿ ಬೇಡ’ ಎಂದು ಡಾಕ್ಟರು ಹೇಳಿದ ಮೇಲೆ ಹೆಂಡತಿಯೊಡನೆ ಬೆಂಗಳೂರಿಗೆ ಬಂದವರು. ಬ್ಯಾಟರಾಯನಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ.

ಗಣಿಯಲ್ಲಿ ಅವರು ನೋಡಿಕೊಳ್ಳುತ್ತಿದ್ದದ್ದು ಶೊವೆಲ್ — ಅದಿರನ್ನು ಬಾಚಿ ಲಾರಿಗೆ ತುಂಬುವ, ಎರಡಂತಸ್ತಿನ ಮನೆಯಷ್ಟು ಎತ್ತರದ ಯಂತ್ರ. ನಮ್ಮ ಕಾರ್ಖಾನೆ ಸೇರಿದ ಮೇಲೆ, ಬಿಡುವಿನ ಹೊತ್ತಿನಲ್ಲಿ, ಅದರದೇ ಮಾದರಿಯನ್ನು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಮಾಡಲು ಕೂತರು. ಕೈಯಲ್ಲಿ ನಕ್ಷೆಯಿಲ್ಲ, ಫೋಟೋ ಇಲ್ಲ, ನೆನಪೊಂದೇ. ಎಣ್ಣೆ ಡಬ್ಬದ ತಗಡು, ಕೊಡೆಯ ಕಡ್ಡಿ, ಹಳೆಯ ಸ್ಟೌಗಳ ಹಿತ್ತಾಳೆ, ಸ್ಕೂಟರಿನ ಕ್ಲಚ್ ವಯರು. ಚಕ್ರಗಳ ಸುತ್ತ ಹೊರಳುವ ಪಟ್ಟಿಗಳ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಕತ್ತರಿಸಿ, ಅರ ಹಾಕಿ, ಗುಂಡುಪಿನ್ನಿನಿಂದ ಪೋಣಿಸಿದರು. ದಾರ ಎಳೆದರೆ ಬಕೆಟ್ಟಿನ ತಳ ತೆರೆದುಕೊಳ್ಳುತ್ತಿತ್ತು, ನಿಜವಾದದ್ದರ ಹಾಗೆಯೇ! ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಬೆಂಚಿನ ಸುತ್ತ ಜನವೋ ಜನ.

ಒಂದು ದಿನ ಮ್ಯಾನೇಜರೂ ಬಂದು ನಿಂತರು. ಎಲ್ಲರೆದುರು ನನ್ನ ಕಡೆ ತಿರುಗಿ, “ನಿಮ್ಮ ಡ್ರಾಯಿಂಗ್ ನೋಡಿ ಇಷ್ಟು ವರ್ಷ ಅರ್ಥ ಆಗದೇ ಇದ್ದದ್ದು ಇದನ್ನ ನೋಡಿ ಅರ್ಥ ಆಯ್ತು ಕಣ್ರೀ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮಲ್ಲಿ ಬಿಡಿಭಾಗ ಕೊಳ್ಳುವ ಆ ಗಣಿಯ ಇಂಜಿನಿಯರು ಬಂದಾಗ ಈ ಮಾದರಿ ತೋರಿಸೋಣ, ಮೆಚ್ಚಿದರೆ ಘೌಸ್‌ನನ್ನು ಪರ್ಮನೆಂಟ್ ಮಾಡೋಣ ಎಂದೂ ಮ್ಯಾನೇಜರು ಹೇಳಿಹೋದರು.

ಆ ನಗು — ಅದೊಂದು ಸಣ್ಣ ವಿಷಯ. ಅಷ್ಟು ಸಣ್ಣದಕ್ಕೆ ನಾನು…

ಇಂಜಿನಿಯರು ಬರಲು ಎರಡು ವಾರವಿದ್ದಾಗ ಘೌಸ್ ಸಾಹೇಬರು ನನ್ನ ಮೇಜಿನ ಬಳಿ ಬಂದರು. ಆ ಶೊವೆಲ್ಲಿನ ನಕ್ಷೆ ಆಫೀಸಿನಲ್ಲಿತ್ತು. ಕೂಲಿಯವರಿಗೆ ತೋರಿಸುವ ಹಾಗಿರಲಿಲ್ಲ.

“ಸಾರ್, ಒಂದೇ ಒಂದು ಅಳತೆ ನೋಡಿ ಹೇಳ್ತೀರಾ? ಬೂಮ್ ನಲವತ್ತು ಅಡಿ ತಾನೇ?”

ಬೂಮ್ ಎಂದರೆ ಯಂತ್ರದ ಮುಂದಕ್ಕೆ ಓರೆಯಾಗಿ ಚಾಚಿದ ಉಕ್ಕಿನ ತೋಳು. ನಕ್ಷೆ ಬಿಡಿಸಿದೆ. ನಲವತ್ತು ಅಡಿ ಎಂದೇ ಇತ್ತು. ನನ್ನದೇ ಅಕ್ಷರದಲ್ಲಿ.

“ಮೂವತ್ತಾರು,” ಎಂದೆ.

ಅವರ ಮುಖ ಬಿಳಿಚಿಕೊಂಡಿತು. “ಅರೆ, ಹೆಂಗೆ ಸಾರ್? ತುದೀಲಿರೋ ಚಕ್ರಕ್ಕೆ ಗ್ರೀಸ್ ಹಾಕೋಕೆ ದಿನಾ ಹತ್ತುತಾ ಇದ್ದೆ. ಅಡಿಗೊಂದು ಮೆಟ್ಟಿಲು. ನಲವತ್ತು ಮೆಟ್ಟಿಲು, ಎಣಿಸ್ಕೊಂಡೇ ಹತ್ತುತಾ ಇದ್ದೆ.”

“ನೆನಪು ಮೋಸ ಮಾಡುತ್ತೆ ಸಾಹೇಬರೇ. ಕಾಗದ ಮಾಡಲ್ಲ. ಮತ್ತೆ — ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ. ನನ್ನ ಕೆಲಸ ಹೋಗುತ್ತೆ.”

“ಇಲ್ಲ ಸಾರ್. ಅಲ್ಲಾನ ಆಣೆ,” ಎಂದರು.

ಎರಡು ದಿನ ಅವರು ಆ ಮಾದರಿಯನ್ನು ಮುಟ್ಟಲಿಲ್ಲ. ಮೂರನೆಯ ದಿನ ಗರಗಸದ ಅಲಗು ತೆಗೆದುಕೊಂಡು ಬೂಮನ್ನು ಎರಡು ಇಂಚು ಕತ್ತರಿಸಿದರು. ನಾಲ್ಕು ಪುಟ್ಟ ಮೆಟ್ಟಿಲು ನೆಲಕ್ಕೆ ಬಿದ್ದವು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎದ್ದು ಹೋಗಿ ‘ನಿಲ್ಲಿ’ ಎನ್ನಲು ಇಪ್ಪತ್ತು ಹೆಜ್ಜೆ ಸಾಕಿತ್ತು.

ಗಣಿಯ ಇಂಜಿನಿಯರು ಬಂದರು. ಮಾದರಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, “ಕೆಲಸ ಚೆನ್ನಾಗಿದೆ, ಆದ್ರೆ ಇದು ನಮ್ಮ ಮೆಷಿನ್ ಅಲ್ಲ. ಬೂಮ್ ಗಿಡ್ಡ. ಹಿಂಗಿದ್ರೆ ಬಕೆಟ್ ಲಾರಿ ಮೇಲಕ್ಕೇ ಬರಲ್ಲ,” ಎಂದು ನಕ್ಕರು. ಮ್ಯಾನೇಜರ ಮುಖ ಕೆಂಪಾಯಿತು. “ಏನ್ರೀ ಘೌಸ್, ಹನ್ನೆರಡು ವರ್ಷ ಅದರ ಮೇಲೇ ಇದ್ದೆ ಅಂತಿದ್ರಿ?”

ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಘೌಸ್ ಸಾಹೇಬರು ನನ್ನ ಕಡೆ ತಿರುಗಲೂ ಇಲ್ಲ.

“ತಪ್ಪಾಯ್ತು ಸಾರ್. ನೆನಪು ಕೈಕೊಟ್ಟಿತು.”

ಆ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು. ಆರ್.ಟಿ. ನಗರದಲ್ಲಿ ಸ್ಟೌ ರಿಪೇರಿ ಅಂಗಡಿ ಸೇರಿದರು ಎಂದು ಕೇಳಿದೆ. ನಾನು ಹುಡುಕಿಕೊಂಡು ಹೋಗಲಿಲ್ಲ.

ನಾಲ್ಕೈದು ವರ್ಷದ ಮೇಲೆ ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಅವರೇ ಸಿಕ್ಕರು. ಸೊರಗಿದ್ದರು. ಕೈಯಲ್ಲೊಂದು ಚೀಟಿ, ಅದರಲ್ಲಿ ದಿನವೂ ಹತ್ತುವ ಬಸ್ಸಿನ ನಂಬರು ಬರೆದುಕೊಂಡಿದ್ದರು. ಕುಶಲ ಕೇಳಿದರು, ಮಕ್ಕಳ ಬಗ್ಗೆ ಕೇಳಿದರು. ಆಮೇಲೆ, ಸಂಕೋಚದಿಂದ: “ಸಾರ್, ತಪ್ಪು ತಿಳ್ಕೋಬೇಡಿ. ಆವತ್ತು ಡ್ರಾಯಿಂಗ್ ಸರಿಯಾಗಿ ನೋಡಿದ್ರಾ?”

ದೇವರು ಕೊಟ್ಟ ಎರಡನೆಯ ಅವಕಾಶ ಎನ್ನುತ್ತಾರಲ್ಲ — ಅದು ನನಗೆ ಹಗಲು ಬೆಳಕಿನಲ್ಲಿ, ಬಸ್‌ಸ್ಟಾಪಿನಲ್ಲಿ ಸಿಕ್ಕಿತ್ತು.

“ನೋಡಿದ್ದೆ,” ಎಂದೆ.

ಅವರು ತಲೆಯಾಡಿಸಿದರು. ಬಸ್ಸು ಬಂತು. ಚೀಟಿ ನೋಡಿ, ಬಸ್ಸಿನ ಹಣೆ ನೋಡಿ, ಮತ್ತೆ ಚೀಟಿ ನೋಡಿ ಹತ್ತಿದರು.

ಅವರು ತೀರಿಕೊಂಡ ಸುದ್ದಿ ಬಂದದ್ದು ಎಂಬತ್ತರ ದಶಕದ ಕೊನೆಗೆ. ಎದೆಯ ಕಾಯಿಲೆಯೇ ಕೊಂಡೊಯ್ದಿತ್ತು. ಆಗ ಹೋದೆ. ಸತ್ತವರು ಪ್ರಶ್ನೆ ಕೇಳುವುದಿಲ್ಲ ಎಂಬ ಧೈರ್ಯ ಇರಬೇಕು. ಅವರ ಹೆಂಡತಿ ಜುಬೇದಾ ಚಾಪೆ ಹಾಸಿ, ಚಹಾ ಕೊಟ್ಟರು. ಲೋಟ ಕೆಳಗಿಟ್ಟು, ಏನನ್ನೂ ಮುಚ್ಚಿಡದೆ ಹೇಳಿದೆ.

ಅವರು ಅಳಲಿಲ್ಲ, ಬೈಯಲಿಲ್ಲ. “ಅವರು ಏನೂ ಮರೀತಾ ಇರ್ಲಿಲ್ಲ ಸಾರ್. ಆದ್ರೂ ಬೀಗ ಹಾಕಿದ್ನಾ, ನಮಾಜ್ ಮಾಡಿದ್ನಾ ಅಂತ ನನ್ನ ಕೇಳೋರು. ಆ ಮೆಷಿನ್‌ನ ಅವರೇ ಬಿಚ್ಚಿ, ಹಿತ್ತಾಳೆಯೆಲ್ಲಾ ಜನರ ಸ್ಟೌಗೆ ಹಾಕ್ಬಿಟ್ರು,” ಎಂದರು. ಆಮೇಲೆ ನೇರವಾಗಿ ನನ್ನ ಮುಖ ನೋಡಿದರು. “ಫ್ಯಾಕ್ಟರೀಲಿ ಹೇಳಿದ್ರಾ ಇದನ್ನ?”

“ಇಲ್ಲ.”

“ನನಗ್ಯಾಕೆ ಹೇಳ್ತೀರಿ? ನನಗೆ ಅವರು ಗೊತ್ತಿದ್ರು. ಯಾರ ಮುಂದೆ ಅವರ ತಲೆ ತಗ್ಗಿತೋ ಅಲ್ಲಿ ಹೇಳಿ.”

ಹೇಳುತ್ತೇನೆ ಎಂದು ಬಂದೆ. ಹೇಳಲಿಲ್ಲ. ಪ್ರಮೋಷನ್ ಹತ್ತಿರವಿತ್ತು, ಮ್ಯಾನೇಜರು ಒಳ್ಳೆಯ ಮನಸ್ಥಿತಿಯಲ್ಲಿರಲಿಲ್ಲ — ಕಾರಣಗಳಿಗೇನು ಬರ. ಹಾಗೇ ನಿವೃತ್ತನಾದೆ. ಕಾರ್ಖಾನೆಯೂ ಮುಚ್ಚಿತು, ಅಲ್ಲಿದ್ದವರು ಎಲ್ಲೆಲ್ಲಿಗೋ ಚದುರಿದರು. ಜುಬೇದಾ ಹೇಳಿದ ಜಾಗ ಈಗ ಇಲ್ಲ. ಉಳಿದಿರುವುದು ಈ ಅಚ್ಚಿನ ಹಾಳೆ ಮಾತ್ರ.

ಇಂಜಿನಿಯರು ಬಂದ ದಿನ ಆ ಮಾದರಿಯ ಸುತ್ತ ನಿಂತಿದ್ದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಯಿರಿ: ಘೌಸ್ ಸಾಹೇಬರು ಆ ಯಂತ್ರವನ್ನು ತಪ್ಪಿಲ್ಲದೆ ಮಾಡಿದ್ದರು. ನಿಮಗೆ ಅವರ ನೆನಪಿದ್ದರೆ, ಹಾಗೆಂದೇ ನೆನೆಯಿರಿ. ನನ್ನನ್ನು ಹೇಗೆ ನೆನೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ.