ಒಂದು ಕಿವಿ ಅವಳಿಗೆ, ಒಂದು ನನಗೆ

ಒಂದು ಇಯರ್‌ಫೋನ್ ಎಷ್ಟು ಗಟ್ಟಿ ಎಂಬುದನ್ನು ನಾನೂ ನನ್ನ ನಾದಿನಿಯೂ ಕೊತ್ತಂಬರಿ ಮಾರುವವಳ ಬುಟ್ಟಿಯ ಮುಂದೆ ಪರೀಕ್ಷಿಸುತ್ತೇವೆ. ವಿದ್ಯಾನಗರದಲ್ಲಿ ನಮ್ಮ ಸಂಜೆಯ ವಾಕಿಂಗಿಗೆ ವಯರು ಒಂದೇ. ಒಂದು ತುದಿ ಅವಳ ಕಿವಿಗೆ, ಒಂದು ನನ್ನ ಕಿವಿಗೆ, ಮೊಬೈಲು ನನ್ನ ಪರ್ಸಿನಲ್ಲಿ. ಬುಟ್ಟಿ ಕಂಡೊಡನೆ ಅವಳು ಗಕ್ಕನೆ ನಿಲ್ಲುತ್ತಾಳೆ, ನಾನು ಮುಂದೆ ಹೋಗಿರುತ್ತೇನೆ. ಆಗ ಕಿವಿಯಿಂದ ಕಳಚಿ ಬಂದರೆ ಅದು ಜಾಣ ಇಯರ್‌ಫೋನ್. ಕಿವಿ ಬಿಡದೆ ನಡುವೆ ಹರಿದರೆ ದಡ್ಡ. ದುಬಾರಿಯವು ಬಹಳಷ್ಟು ಫೇಲಾದವು. ಬಸ್ ಸ್ಟ್ಯಾಂಡಿನ ಹೊರಗೆ ಕೊಂಡ ಒಂದು ಹಳದಿ ವಯರಿನದು ಮಾತ್ರ ಎರಡು ಮಳೆಗಾಲ ಬಾಳಿತು. ಮೊಮ್ಮಗಳು ವಯರಿಲ್ಲದ್ದನ್ನೂ ತಂದುಕೊಟ್ಟಿದ್ದಳು. ಆದರೆ ಹಿಡಿದಿಡಲು ಏನೂ ಇಲ್ಲದ್ದರಿಂದ ನಾದಿನಿ ಯಾರದೋ ಗೇಟಿನ ಮುಂದೆ ಹರಟುತ್ತ ಉಳಿದುಬಿಡುತ್ತಿದ್ದಳು. ಪಕ್ಕದಲ್ಲೇ ಇದ್ದಾಳೆಂದು ನಾನು ರಸ್ತೆಯ ತುದಿಯವರೆಗೂ ಮಾತಾಡುತ್ತ ಹೋಗುತ್ತಿದ್ದೆ. ಜನ ನೋಡತೊಡಗಿದ ಮೇಲೆ ಮತ್ತೆ ವಯರಿಗೇ ಬಂದೆವು.

ಎರಡೂ ತುದಿಗಳನ್ನು ಒಬ್ಬಳೇ ಹಾಕಿಕೊಳ್ಳುವುದು ನಮಗೆ ಹೊಳೆದೇ ಇರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಶೇರಿಂಗ್ ಎಂಬುದನ್ನು ನನ್ನ ತಲೆಗೆ ಎಷ್ಟು ತುರುಕಿದ್ದರೆಂದರೆ, ಈಗಲೂ ಒಂದು ಬಿಸ್ಕಿಟ್ ಪೂರ್ತಿ ತಿಂದರೆ ಗಿಲ್ಟಿ ಅನಿಸುತ್ತದೆ. ನಾದಿನಿಗೆ ಅಷ್ಟು ಇಂಗ್ಲಿಷ್ ಬೇಕಿಲ್ಲ. ಎದುರಿಗೆ ಒಬ್ಬರನ್ನು ಕೂಡಿಸಿಕೊಂಡು ಒಬ್ಬಳೇ ಹೋಳಿಗೆ ತಿಂದಂತೆ ಅದು, ಎನ್ನುತ್ತಾಳೆ.

ಕೋಲು ನನ್ನ ಬಲಗೈಯಲ್ಲಿ ಇರುವುದರಿಂದ ಅವಳು ಯಾವಾಗಲೂ ನನ್ನ ಎಡಕ್ಕೆ. ಎಡದ ತುದಿ ಅವಳದು, ಬಲದ್ದು ನನ್ನದು. ಪ್ರವಚನ, ವಾರ್ತೆ, ಶುಗರಿಗೆ ಮನೆಮದ್ದು, ಎಲ್ಲ ಇಬ್ಬರಿಗೂ ಸರಿಯಾಗಿಯೇ ಕೇಳುತ್ತಿದ್ದವು. ತಂಟೆ ಶುರುವಾದದ್ದು ಮೊಮ್ಮಗಳು ಹಳೆಯ ಸಿನೆಮಾ ಹಾಡುಗಳನ್ನು ಮೊಬೈಲಿಗೆ ತುಂಬಿಕೊಟ್ಟ ಮೇಲೆ.

“ಎಷ್ಟ್ ಸ್ವೀಟ್ ಐತಿ ನೋಡು ಆಕಿ ಧ್ವನಿ,” ಎಂದೆ.

“ಯಾರ್ದು?”

“ಹಾಡಾಕತ್ತಾಳಲ್ಲ, ಆಕೀದು.”

“ಗಂಡಸು ಹಾಡಾಕತ್ತಾನ್ರಿ ವೈನಿ. ಅದೂ ಒಂದು ಸಾಲು ಹೇಳ್ತಾನ, ಆಮ್ಯಾಲ ಬಾಯಿ ಮುಚ್ಕೊಂಡು ಕುಂದರ್ತಾನ. ನಮ್ಮಣ್ಣನ ಹಂಗ.”

ಅವಳ ಅಣ್ಣ ಎಂದರೆ ನನ್ನ ಗಂಡ. ಈಗಿಲ್ಲ. ಮಾತು ಖರೇ ಆದ್ದರಿಂದ ಆ ವಿಷಯ ಬಿಟ್ಟು ಹಾಡಿನ ಮೇಲೇ ಜಗಳಾಡಿದೆವು. ಕೊನೆಗೆ ಮೊಮ್ಮಗಳಿಗೆ ಫೋನು ಮಾಡಿದರೆ, “ಅದು ಡ್ಯುಯೆಟ್ ಅಜ್ಜಿ, ಹೆಣ್ಣಿನ ಧ್ವನಿ ಐತಲ್ಲ,” ಎಂದಳು. ನಾನು ಗೆದ್ದೆ. ಡ್ಯುಯೆಟ್ ಎಂದ ಮೇಲೆ ಗಂಡಸೂ ಇರಬೇಕು, ಅವನು ನನಗೆ ಕೇಳಿಯೇ ಇರಲಿಲ್ಲ; ಆದರೆ ಗೆದ್ದವರು ಅಷ್ಟೆಲ್ಲ ಯೋಚಿಸುತ್ತಾರೆಯೇ?

ಇಯರ್‌ಫೋನ್ ಕೆಟ್ಟಿರಬೇಕೆಂದು ಅಂಗಡಿಗೆ ಒಯ್ದೆವು. ಅಂಗಡಿಯವರು ಎರಡನ್ನೂ ಕಿವಿಗೆ ಸಿಕ್ಕಿಸಿಕೊಂಡು ತಲೆದೂಗಿ, “ಏನೂ ಆಗಿಲ್ರಿ ಅಮ್ಮಾರ, ಛಲೋ ಬರಾಕತ್ತೈತಿ,” ಎಂದರು. ಆದರೂ ಹೊಸದು ಕೊಂಡೆವು. ಅದರಲ್ಲೂ ಅವಳಿಗೆ ಗಂಡಸೇ. ತನ್ನ ತುದಿಯನ್ನು ಈ ಕಿವಿಯಿಂದ ತೆಗೆದು ಆ ಕಿವಿಗೆ ಹಾಕಿಕೊಂಡಳು. ಅಲ್ಲಿಯೂ ಅವನೇ.

“ಎರಡೂ ಕಿವಿ ಹೋದೂ ವೈನಿ,” ಎಂದಳು. ವಯಸ್ಸಾದಂತೆ ಹೆಂಗಸರ, ಮಕ್ಕಳ ಸಣ್ಣ ದನಿಗಳು ಮೊದಲು ಹೋಗುತ್ತವೆಂದು ಯಾರೋ ಹೇಳಿದ್ದರಂತೆ.

“ನಾನ್ಸೆನ್ಸ್! ನನ್ನ ಮಾತು ಕೇಳ್ತೈತಲ್ಲ ನಿನಗ?”

“ನಿಮ್ದೇನು ಹೆಂಗಸರ ಧ್ವನಿ ಏನ್ರಿ? ಪರೇಡ್ ಮಾಡ್ಸೋ ಧ್ವನಿ.”

ನಾನು ನಕ್ಕೆ, ಅವಳು ನಗಲಿಲ್ಲ. ಸೋಮವಾರ ಸಂಜೆ ಮಠದಲ್ಲಿ ಹೆಣ್ಣುಮಕ್ಕಳ ವಚನಗಾಯನಕ್ಕೆ ಪದ ಎತ್ತಿಕೊಡುವವಳು ಅವಳೇ. ಅವಳು ಶುರು ಮಾಡಿದ ಮೇಲೆ ಉಳಿದವರು ದನಿಗೂಡಿಸಬೇಕು. “ಹೆಣ್ಮಕ್ಕಳ ಧ್ವನೀನ ಕೇಳಂಗಿಲ್ಲ ಅಂದಮ್ಯಾಲ ಹ್ಯಾಂಗ ಹಾಡ್ಲಿ? ಹಿಂದ ಕುಂತು ನಗ್ತಾರ,” ಎಂದು ಆ ಸೋಮವಾರ ಹೋಗಲೇ ಇಲ್ಲ. ಕಿವಿಯ ಡಾಕ್ಟರಿಗೆ ಗುರುವಾರದ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಅಡಿಗೆ ಮಾಡುವಾಗಲೂ ಗುನುಗುವುದು ನಿಂತಿತು. ಅವಳದು ಪಕ್ಕದ ಮನೆ; ನಮ್ಮ ಅಡಿಗೆಮನೆಗಳ ಕಿಟಕಿಗಳು ಎದುರುಬದುರು. ನಾನು ಮದುವೆಯಾಗಿ ಬಂದಾಗಿನಿಂದ ಅವಳ ಗುನುಗಿನಲ್ಲೇ ನನ್ನ ಸಾರು ಕುದ್ದಿದೆ. ಅದು ನಿಂತ ಮೇಲೆ ಕುಕ್ಕರಿನ ಸೀಟಿ ಇಷ್ಟು ಕರ್ಕಶವೆಂದು ಗೊತ್ತಾಯಿತು.

ಬುಧವಾರ ಅವಳನ್ನು ಬಲವಂತ ಮಾಡಿ ಗಾರ್ಡನ್ನಿಗೆ ಕರೆದುಕೊಂಡು ಹೋದೆ. ಬೆಂಚಿನ ಎಡಭಾಗವನ್ನು ಹಕ್ಕಿಗಳು ಹೊಲಸು ಮಾಡಿದ್ದವು. ಅವಳು ನನ್ನ ಬಲಕ್ಕೆ ಕೂತಳು. ಹಾಡು ಬೇಡವೆಂದಳು. ನಾನು ಬಿಡಲಿಲ್ಲ. ಕೈಗೆ ಸಿಕ್ಕ ಬಲದ ತುದಿಯನ್ನು ಒಲ್ಲದ ಮನಸ್ಸಿನಿಂದ ಹಾಕಿಕೊಂಡಳು.

“ವೈನಿ! ಬಂದ್ಳು! ಆಕಿ ಬಂದ್ಳು!” ಎಂದು ನನ್ನ ಮೊಣಕಾಲನ್ನೇ ಹಿಚುಕಿದಳು.

ಆದರೆ ಇಷ್ಟು ದಿನ ನನ್ನ ಕಿವಿಯಲ್ಲಿದ್ದ ಹೆಣ್ಣು ಮಾಯ. ಯಾರೋ ಗಂಡಸು ಒಂದು ಸಾಲು ಹೇಳಿ ಸುಮ್ಮನಾದ. ಅವಳ ಕಿವುಡು ನೆಗಡಿಯ ಹಾಗೆ ನನಗೆ ಹತ್ತಿತೆಂದುಕೊಂಡೆ. ಗಾಬರಿಯಲ್ಲಿ ಮ್ಯಾನರ್ಸ್ ಎಲ್ಲ ಮರೆತು ಅವಳ ಕಿವಿಯಲ್ಲಿದ್ದುದನ್ನು ಕಿತ್ತು ನನ್ನ ಇನ್ನೊಂದು ಕಿವಿಗೆ ಹಾಕಿಕೊಂಡೆ. ಓ ಮೈ ಗಾಡ್! ಒಂದು ಕಿವಿಯಲ್ಲಿ ಹಾಡಿನವಳು ಕೇಳಿದಳು, ಇನ್ನೊಂದರಲ್ಲಿ ಅವನು ಉತ್ತರಿಸಿದ. ನನ್ನ ತಲೆಯ ನಡುವೆ ಅವರ ಸಂಸಾರ ಕೂಡಿತು. ಆ ಕಾಲದವರು ಹಾಡನ್ನು ಹೀಗೆ ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು ಎಂದು ಎರಡು ಪಾಲು ಮಾಡಿ ಇಟ್ಟಿದ್ದರು; ನಾವಿಬ್ಬರು ಒಂದೊಂದು ಪಾಲನ್ನು ಹಂಚಿಕೊಂಡು, ಇದೇ ಪೂರ್ತಿ ಹಾಡೆಂದು ಜಗಳಾಡಿದ್ದೆವು.

“ನಿನ್ನ ಕಿವಿಗೆ ಏನೂ ಆಗಿಲ್ಲ ಬಿಡು,” ಎಂದು ಎರಡನ್ನೂ ತೆಗೆದು ಅವಳ ಕಿವಿಗಳಿಗೆ ಒತ್ತಿ, ಹಾಡನ್ನು ಮೊದಲಿಂದ ಹಚ್ಚಿದೆ.

ಮೊದಲ ಸಾಲಿಗೆ ಅವಳ ಬಾಯಿ ತೆರೆಯಿತು. ಎರಡನೆಯದಕ್ಕೆ ಕಣ್ಣು ತುಂಬಿದವು. ಮೂರನೆಯದಕ್ಕೆ ತಾನೇ ಹಾಡತೊಡಗಿದಳು, ಕಿವಿ ಮುಚ್ಚಿಕೊಂಡವರು ಹಾಡುವಷ್ಟು ಜೋರಾಗಿ. ಎದುರಿನ ಬೆಂಚಿನ ರಿಟೈರ್ಡ್ ಗಂಡಸರು ರಾಜಕಾರಣ ನಿಲ್ಲಿಸಿ ತಿರುಗಿ ನೋಡಿದರು. “ಸಾವಕಾಶ, ಸಾವಕಾಶ,” ಎಂದೆ. ಎಲ್ಲಿ ಕೇಳಬೇಕು ಅವಳಿಗೆ! ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ನನಗೂ ಆಸೆಯಾಗಿ ಒಂದು ತುದಿಗೆ ಕೈಚಾಚಿದೆ. ಅವಳು ಎರಡೂ ಅಂಗೈಗಳಿಂದ ಕಿವಿಗಳನ್ನು ಭದ್ರವಾಗಿ ಮುಚ್ಚಿಕೊಂಡು, ಇಡೀ ಗಾರ್ಡನ್ನಿಗೆ ಕೇಳುವಂತೆ ಕೂಗಿದಳು:

“ನಿಮಗ್ಯಾಕ್ರಿ ವೈನಿ ಇದು? ನಾ ಹಾಡಾಕತ್ತೇನಲ್ಲ, ಕೇಳ್ರಿ!”