ತಾಳ ತಪ್ಪಿದ್ದನ್ನೂ ಬರೆದ ವಿಮರ್ಶೆ

೧೯೯೯ರಲ್ಲಿ ನಾನು ಬೆಳಗಾವಿಯಿಂದ ಹೊರಡುತ್ತಿದ್ದ ಒಂದು ಕನ್ನಡ ದಿನಪತ್ರಿಕೆಗೆ ಗೋಕಾಕದ ವರದಿಗಾರನಾಗಿದ್ದೆ. ಹುಕ್ಕೇರಿಗೆ ಬೇರೆ ವರದಿಗಾರ ಇರಲಿಲ್ಲವಾದ್ದರಿಂದ ಅದೂ ನನ್ನ ಕೊರಳಿಗೇ ಬಿದ್ದಿತ್ತು. ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿನೊಳಗೇ ಇತ್ತು. ಸುದ್ದಿ ಕಳಿಸುವುದೆಂದರೆ, ಬರೆದ ಹಾಳೆಗಳನ್ನು ಲಕೋಟೆಯಲ್ಲಿ ಹಾಕಿ, ಮಧ್ಯಾಹ್ನ ಬೆಳಗಾವಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ನಮ್ಮ ವೃತ್ತಿಯಲ್ಲಿ ಇದನ್ನು ‘ಕವರ್’ ಎನ್ನುತ್ತಿದ್ದೆವು. ಕವರ್ ತಪ್ಪಿದರೆ ಆ ದಿನ ನಮ್ಮ ಊರಿನಲ್ಲಿ ಏನೂ ನಡೆದೇ ಇಲ್ಲ ಎಂದು ಜಗತ್ತು ತಿಳಿದುಕೊಳ್ಳುತ್ತಿತ್ತು.

ಕಾರ್ಯಕ್ರಮದ ವರದಿಗೆ ಒಂದು ಅಚ್ಚು ಇತ್ತು. ಇಂಥವರು ಉದ್ಘಾಟಿಸಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ಇಂಥಿಂಥವರು ವೇದಿಕೆ ಮೇಲಿದ್ದರು. ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು. ಕಟ್ಟಕಡೆಗೆ, ‘ನಂತರ ಸಾಂಸ್ಕೃತಿಕ ಕಾರ್ಯಕ್ರಮ ಜರುಗಿತು.’ ಆ ಕೊನೆಯ ವಾಕ್ಯದೊಳಗೆ ಎಷ್ಟು ಹಾಡುಗಾರರು, ತಬಲಾದವರು, ನಾಟಕದವರು ಹೂತುಹೋದರೋ ದೇವರೇ ಬಲ್ಲ. ವೇದಿಕೆ ಮೇಲಿದ್ದವರ ಪೈಕಿ ಒಂದು ಹೆಸರು ಬಿಟ್ಟುಹೋದರೆ ಮಾತ್ರ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಫೋನು ಬರುತ್ತಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಇಬ್ಬರು ಹುಡುಗರು ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಕೋಣೆಗೆ ಬಂದರು. ಒಬ್ಬ ಸುಕುಮಾರ, ಮೂಡಲಗಿಯ ಜೈನರ ಹುಡುಗ. ಅಪ್ಪನದು ಕಾಳುಕಡಿ ವ್ಯಾಪಾರ. ಇನ್ನೊಬ್ಬ ಗೋಕಾಕದವನೇ, ರಫೀಕ. ಅವನ ಮನೆಯವರು ಮದುವೆ ಮೆರವಣಿಗೆಗೆ ಬ್ಯಾಂಡ್ ಬಾರಿಸುವವರು. ಇಬ್ಬರೂ ಡಿಗ್ರಿ ಮುಗಿಸಿ, ಕಣಗಲಾ ಊರಿನ ಇಬ್ಬರು ಗೆಳೆಯರನ್ನು ಸೇರಿಸಿಕೊಂಡು ‘ಹೊಳಿಸಾಲ’, ಅಂದರೆ ಹೊಳೆದಂಡೆಯ ಸೀಮೆ, ಎಂಬ ರಾಕ್ ಬ್ಯಾಂಡ್ ಕಟ್ಟಿದ್ದರು. ಸಿನಿಮಾ ಹಾಡು ಹಾಡುವುದಿಲ್ಲ, ತಾವೇ ಬರೆದ ಹಾಡು, ಅದೂ ನಮ್ಮ ಕಡೆಯ ಮಾತಿನಲ್ಲಿ. ಹುಕ್ಕೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಬರುವ ರವಿವಾರ ಅವರ ಮೊದಲ ದೊಡ್ಡ ಕಾರ್ಯಕ್ರಮ ಇತ್ತು.

“ಬರ್ತೇನಿ, ಬರೀತೇನಿ,” ಎಂದೆ.

ಸುಕುಮಾರ ಎದ್ದು ಹೋಗಲಿಲ್ಲ. “ಸರ್, ‘ಸಾಂಸ್ಕೃತಿಕ ಕಾರ್ಯಕ್ರಮ ಜರುಗಿತು’ ಅಂತ ಬರೀಬ್ಯಾಡ್ರಿ. ನಾವು ಹೆಂಗ ಬಾರಿಸಿದ್ವಿ ಅನ್ನೂದು ಬರೀರಿ,” ಎಂದ.

ಮೊದಲು ನನಗೆ ಸಿಟ್ಟೇ ಬಂತು. ಹೇಗೆ ಬರೆಯಬೇಕೆಂದು ನನಗೇ ಹೇಳಿಕೊಡಲು ಬಂದಿದ್ದಾನಲ್ಲ ಎನ್ನಿಸಿತು. ಅಷ್ಟರಲ್ಲಿ ರಫೀಕ ಇದ್ದ ವಿಷಯ ಬಿಚ್ಚಿ ಹೇಳಿದ. ಸುಕುಮಾರನ ಅಪ್ಪ ಜಿನ್ನಪ್ಪನವರಿಗೆ ಈ ಗಿಟಾರಿನ ಸಹವಾಸ ಸುತರಾಂ ಇಷ್ಟವಿರಲಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಅವರೊಂದು ಕರಾರು ಹಾಕಿದ್ದರು. ದಿನಾ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವ ಮನುಷ್ಯ ಅವರು. ಈ ಕಾರ್ಯಕ್ರಮದ ಬಗ್ಗೆ ಪೇಪರಿನಲ್ಲಿ ಏನು ಬರುತ್ತದೋ ನೋಡಿ, ಬ್ಯಾಂಡ್ ಇರಬೇಕೋ ಮಗ ಅಂಗಡಿ ಗಾದಿಗೆ ಕೂರಬೇಕೋ ಹೇಳುತ್ತೇನೆ ಎಂದಿದ್ದರು.

“ಚಲೋ ಬರೀರಿ ಸರ್, ಅಷ್ಟ ಸಾಕು,” ಎಂದ ರಫೀಕ.

“ಚಲೋ ಅಂತ ಬರೀಬ್ಯಾಡ್ರಿ. ಕೇಳಿ ಬರೀರಿ,” ಎಂದು ಸುಕುಮಾರ ಅವನನ್ನು ತಡೆದ. ಆಗ ನನ್ನ ಸಿಟ್ಟು ಅರ್ಧ ಇಳಿಯಿತು.

ಕೇಳಿ ಬರೆಯಬೇಕಾದರೆ ಕೇಳುವುದು ಗೊತ್ತಿರಬೇಕಲ್ಲ. ನನ್ನ ತಂದೆ ಮೊಹರಮ್‌ನಲ್ಲಿ ಕರ್ಬಲಾದ ಕಥೆ ಹೇಳುವ ರಿವಾಯತ ಪದ ಹಾಡುತ್ತಿದ್ದರು. ನಾನು ಚಿಕ್ಕಂದಿನಲ್ಲಿ ದನಿಗೂಡಿಸುವಾಗ ತಾಳ ತಪ್ಪಿದರೆ, ಹಾಡು ನಿಲ್ಲಿಸದೆಯೇ ನನ್ನ ಬೆನ್ನ ಮೇಲೆ ಬಡಿದು ಸರಿಮಾಡುತ್ತಿದ್ದರು. ಹೀಗಾಗಿ ತಾಳದ ಬಗ್ಗೆ ನನ್ನ ಬೆನ್ನಿಗೆ ಚೆನ್ನಾಗಿಯೇ ತಿಳಿದಿತ್ತು, ರಾಕ್ ಬಗ್ಗೆ ಮಾತ್ರ ತಲೆಗೆ ಏನೂ ತಿಳಿದಿರಲಿಲ್ಲ. ಗುರುವಾರ ಅವರು ತಾಲೀಮು ಮಾಡುತ್ತಿದ್ದ ಘೋಡಗೇರಿಗೆ ಹೋದೆ. ಹಂಗಾಮು ಇನ್ನೂ ಶುರುವಾಗದ ಬೆಲ್ಲದ ಗಾಣದ ಶೆಡ್ಡಿನಲ್ಲಿ, ಖಾಲಿ ಕೊಪ್ಪರಿಗೆಯ ಬಾಜೂ ಡ್ರಮ್ಮು, ಸ್ಪೀಕರು ಇಟ್ಟುಕೊಂಡಿದ್ದರು.

ಒಂದೊಂದು ವಾದ್ಯವನ್ನೂ ಬೇರೆ ಬೇರೆ ಬಾರಿಸಿ ತೋರಿಸಿ ಎಂದೆ. ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರು ಕಿವಿಗಿಂತ ಎದೆಗೆ ಹೆಚ್ಚು ಕೇಳಿಸುತ್ತದೆ. ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ತುಣುಕಿಗೆ ರಿಫ್ ಎಂದು ಹೆಸರು. ಗಿಟಾರಿನ ದನಿಯನ್ನು ಬೇಕೆಂತಲೇ ಒರಟು ಮಾಡುವುದು ಡಿಸ್ಟಾರ್ಷನ್.

“ಬೇಕಂತನ ಕೆಡಸೂದೇನ್ರಪಾ?” ಎಂದು ಕೇಳಿದೆ.

“ಕೆಡಸೂದಲ್ರಿ ಸರ್. ಖಾರ ಹಾಕೂದು,” ಎಂದ ರಫೀಕ. ಆ ಮಾತು ನನಗೆ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬಂತು.

ರವಿವಾರ ಸಂಜೆ ಮಂಟಪ ತುಂಬಿತ್ತು. ವೇದಿಕೆ ಅದಕ್ಕಿಂತ ಹೆಚ್ಚು ತುಂಬಿತ್ತು. ಹಾರ, ಶಾಲು, ಭಾಷಣ ಎಲ್ಲವೂ ಪದ್ಧತಿಯಂತೆ ನಡೆದವು. ಮಾತಾಡಿದವರೆಲ್ಲ ಕಲೆಯನ್ನು ಪ್ರೋತ್ಸಾಹಿಸಬೇಕು ಎಂದರು ಮತ್ತು ಮಾತು ಮುಗಿದ ಕೂಡಲೇ ಕಾರು ಹತ್ತಿ ಹೋದರು. ಹುಡುಗರು ಹಾಡುವ ಹೊತ್ತಿಗೆ ಮುಂದಿನ ಸಾಲಿನ ಸೋಫಾಗಳು ಖಾಲಿ. ನಾನು ಹೋಗಿ ಅದರಲ್ಲೊಂದರ ಮೇಲೆ ಆರಾಮಾಗಿ ಕೂತೆ.

ಮೊದಲ ಹಾಡಿನಲ್ಲಿ ಮೈಕು ಕಿರುಚಿತು. ಮೈಕಿನ ದನಿ ಸ್ಪೀಕರಿನಿಂದ ಹೊರಬಂದು ಮತ್ತೆ ಮೈಕಿಗೇ ಹೊಕ್ಕರೆ ಹೀಗಾಗುತ್ತದೆ, ಫೀಡ್‌ಬ್ಯಾಕ್ ಎನ್ನುತ್ತಾರೆ. ಹಾಡಿನ ಒಂದು ಮಾತೂ ತಿಳಿಯಲಿಲ್ಲ. ಎರಡನೆಯ ಹಾಡಿಗೆ, ಗಾಯಕನಾಗಿದ್ದ ಸುಕುಮಾರ ಗಾಬರಿಯಲ್ಲಿ ಅವಸರ ಮಾಡಿದ. ಪಲ್ಲವಿಗೆ ಮರಳುವಾಗ ತಾಳ ಬಿಟ್ಟ. ನನ್ನ ಬೆನ್ನು ತಾನಾಗಿಯೇ ಸೆಟೆಯಿತು. ರಫೀಕ ಡ್ರಮ್ಮು ಬಾರಿಸುತ್ತಲೇ ಅವನ ಕಡೆ ನೋಡಿ ತಲೆಯಾಡಿಸುತ್ತ ನಿಧಾನವಾಗಿ ಅವನನ್ನು ದಾರಿಗೆ ತಂದ. ಹಿಂದಿನ ಸಾಲುಗಳಲ್ಲಿ ಕೆಲವರು ಸೀಟಿ ಹೊಡೆದರು, ಕೆಲವರು ಎದ್ದು ಚಪ್ಪಲಿ ಹುಡುಕಿದರು. ಈ ಹುಡುಗನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೂರನೆಯದು ಹೇಗೋ ದಾಟಿತು. ನಾಲ್ಕನೆಯ ಹಾಡಿನ ಹೆಸರು ‘ಪಾಳಿ’. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳನ್ನು ನಿಲ್ಲಿಸಿಕೊಂಡು ತಮ್ಮ ಪಾಳಿಗೆ ಕಾಯುವವರ ಹಾಡು. ಮೊದಲು ಬೇಸ್ ಗಿಟಾರು ಒಂದೇ ಶುರುವಾಯಿತು, ಎತ್ತು ನಡೆದ ಹಾಗೆ, ಯಾವ ಅವಸರವೂ ಇಲ್ಲದೆ. ಅದರ ಮೇಲೆ ಸುಕುಮಾರ ಬರೀ ಮಾತಾಡುವ ದನಿಯಲ್ಲಿ, ಮುಂದಿನ ಗಾಡಿಯವನ ಸಂಗಡ ಎಲೆ ಅಡಿಕೆ ಹಂಚಿಕೊಂಡು ಹರಟುವ ಮಾತುಗಳನ್ನು ಹಾಡಿದ. ಆಮೇಲೆ ಡ್ರಮ್ಮು ಸೇರಿತು, ಖಾರ ಹಾಕಿದ ಗಿಟಾರು ಸೇರಿತು. ಚಪ್ಪಲಿ ಹಾಕಿಕೊಂಡವರು ಬಾಗಿಲಲ್ಲೇ ನಿಂತರು. ಬೆಲ್ಲದ ಬಾಗೇವಾಡಿ ಕಡೆಯ ಇಬ್ಬರು ಹಿರಿಯರು, ತಲೆಯ ಮೇಲೆ ಪಟಕಾ ಸುತ್ತಿಕೊಂಡಿದ್ದವರು, ಕಾಲಿನಿಂದ ನೆಲಕ್ಕೆ ತಾಳ ಹಾಕತೊಡಗಿದರು. ನನಗೆ ಮೈ ಜುಮ್ ಎಂದಿತು. ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುದಿನ ಬೆಳಿಗ್ಗೆ ಬರೆಯಲು ಕೂತೆ. ಸತ್ಯ ಬರೆದರೆ ಎರಡು ಹಾಡು ಕೆಟ್ಟವು ಎನ್ನಬೇಕು. ಜಿನ್ನಪ್ಪನವರು ಕಾಯುತ್ತಿದ್ದುದು ಅಂಥ ಸಾಲಿಗಾಗಿಯೇ. ಬರೀ ಹೊಗಳಿದರೆ ಹುಡುಗನ ಬ್ಯಾಂಡು ಉಳಿಯುತ್ತದೆ. ಆದರೆ ಅವನೇ ಕೇಳಿ ಬರೆಯಿರಿ ಎಂದಿದ್ದನಲ್ಲ? ಕವರಿನ ಬಸ್ಸು ಮಾತ್ರ ನನಗಾಗಿ ಕಾಯುವುದಿಲ್ಲ. ಕೊನೆಗೆ ಕೇಳಿದ್ದನ್ನು ಕೇಳಿದ ಹಾಗೆ ಬರೆದೆ: ಮೈಕಿನ ಕಿರುಚಾಟ, ಎರಡನೆಯ ಹಾಡಿನಲ್ಲಿ ಪಲ್ಲವಿಗೆ ಬರುವಾಗ ಗಾಯಕ ತಾಳ ಬಿಟ್ಟಿದ್ದು, ಡ್ರಮ್ಮಿನವನು ಅವನನ್ನು ಕರೆತಂದದ್ದು, ‘ಪಾಳಿ’ ಹಾಡಿಗೆ ಬಾಗಿಲಲ್ಲಿ ಜನ ನಿಂತದ್ದು. ತುದಿಯಲ್ಲಿ, ಯುವಕರು ಸಾಧನೆಯ ಹಾದಿ ಬಿಡಬಾರದು ಎಂದು ಒಂದು ಸಾಲು ಸೇರಿಸಿದೆ. ಹಾಗೊಂದು ಸಾಲು ಹಾಕದೆ ನನಗೆ ಬರವಣಿಗೆ ಮುಗಿದಂತೆ ಆಗುತ್ತಿರಲಿಲ್ಲ.

ಸಂಜೆ ಬೆಳಗಾವಿ ಡೆಸ್ಕಿನಿಂದ, ಅಂದರೆ ನಮ್ಮ ಸುದ್ದಿ ತಿದ್ದಿ ಪುಟ ಕಟ್ಟುವವರಿಂದ, ಫೋನು ಬಂತು.

“ವೇದಿಕೆ ಮ್ಯಾಲೆ ಯಾರ್ಯಾರು ಇದ್ರು? ಹೆಸರ ಇಲ್ಲಲ್ರಿ.”

“ಹಾಡು ಶುರು ಆದಾಗ ಯಾರೂ ಇರಲಿಲ್ರಿ. ಅದಕ್ಕ ಬರದಿಲ್ಲ,” ಎಂದೆ.

ಆ ಕಡೆಯವರು ನಕ್ಕುಬಿಟ್ಟರು. ಕೊನೆಗಳಿಗೆಯಲ್ಲಿ ಒಂದು ಜಾಹೀರಾತು ರದ್ದಾಗಿ ಜಿಲ್ಲಾ ಪುಟದಲ್ಲಿ ಜಾಗ ಉಳಿದಿದ್ದರಿಂದ ಒಂದು ಅಕ್ಷರವನ್ನೂ ಕತ್ತರಿಸದೆ ಹಾಕಿದರು. ಆ ನಕ್ಕ ಉಪಸಂಪಾದಕರನ್ನು ನಾನು ಇಂದಿಗೂ ನೆನೆಯುತ್ತೇನೆ. ಬೇರೆಯವರಾಗಿದ್ದರೆ ಅಂದೇ ನನ್ನ ಬೆವರಿಳಿಸುತ್ತಿದ್ದರು.

ವಿಮರ್ಶೆ ಬಂದ ದಿನ ಹಾರ ಹಾಕಿಸಿಕೊಂಡವರಿಂದ ಬೈಗುಳ ಬಂತು. ಅದಕ್ಕೆ ನನ್ನ ಚರ್ಮ ದಪ್ಪವಾಗಿತ್ತು. ಮರುದಿನ ಬಂದದ್ದು ಬೇರೆ ಕರೆ. “ಜಿನ್ನಪ್ಪ ಮಾತಾಡಾಕತ್ತೇನ್ರಿ, ಮೂಡಲಗಿಯಿಂದ. ಒಂದೀಟು ಅಂಗಡಿಗೆ ಬಂದ ಹೋಗ್ರಿ.” ಅಷ್ಟೇ ಹೇಳಿ ಇಟ್ಟುಬಿಟ್ಟರು. ಗೋಕಾಕದಿಂದ ಮೂಡಲಗಿಯ ತನಕ ಬಸ್ಸಿನಲ್ಲಿ ನನ್ನದೇ ವಿಮರ್ಶೆಯನ್ನು ಮತ್ತೆ ಮತ್ತೆ ಓದಿದೆ. ಒಬ್ಬ ಹುಡುಗನ ಬದುಕಿನ ಆಸೆಗೆ ನಾನೇ ಕಲ್ಲು ಹಾಕಿದೆನೇನೋ ಎಂಬ ಅಳುಕು.

ಅಂಗಡಿಯಲ್ಲಿ ಜಿನ್ನಪ್ಪನವರು ಗಾದಿಯ ಮೇಲೆ ಕೂತಿದ್ದರು. ಸುಕುಮಾರ ಮೂಲೆಯಲ್ಲಿ ಕಡಲೆಯ ಚೀಲ ಹೊಲಿಯುತ್ತಿದ್ದ, ತಲೆ ಎತ್ತಲಿಲ್ಲ. ಚಹಾ ಬಂತು. ನಾನು ಕುಡಿದು ಮುಗಿಸಿದ ಮೇಲೆ ಜಿನ್ನಪ್ಪನವರು ಕೇಳಿದರು:

“ಎರಡನೇ ಹಾಡಿನ್ಯಾಗ ತಾಳ ಬಿಟ್ಟ ಅಂತ ಬರದೀರಿ. ಖರೆ ಏನ್ರಿ?”

“ಖರೆರಿ ಕಾಕಾ.”

“ಅಂವ್ಗ ತಿಳೀತೇನು, ಬಿಟ್ಟದ್ದು?”

“ತಿಳೀತರಿ. ಅಲ್ಲೇ ಸರಿ ಮಾಡ್ಕೊಂಡ.”

ಅವರು ಮಗನ ಕಡೆ ನೋಡಿದರು, ಮತ್ತೆ ನನ್ನ ಕಡೆ ತಿರುಗಿದರು. “ನೋಡ್ರಿ, ನಾ ಇದನ್ನ ಬರೇ ಗದ್ಲ ಅಂತ ತಿಳಕೊಂಡಿದ್ದೆ. ಗದ್ಲದಾಗ ಯಾರರ ತಪ್ಪು ಹಿಡೀತಾರೇನ್ರಿ? ತಪ್ಪು ಅನ್ನೂದು ಐತಿ ಅಂದ್ರ, ಸರಿ ಅನ್ನೂದೂ ಐತಿ ಅಂತಾತು. ನೀವು ಬರೇ ಚಲೋ ಚಲೋ ಅಂತ ಬರದಿದ್ರ ನಾ ನಂಬತಿದ್ದಿಲ್ಲ. ಇಂವ ಹೋಗಿ ನಿಮಗ ಹೇಳಿ ಬರಿಸ್ಯಾನ ಅಂತಿದ್ದೆ.”

ನಾನು ಖಾಲಿ ಕಪ್ಪನ್ನೇ ಮತ್ತೆ ಎತ್ತಿಕೊಂಡೆ. ಜಿನ್ನಪ್ಪನವರು ಮಗನಿಗೆ, “ಚೀಲ ಬಿಡು. ತಾಲೀಮಿಗೆ ಹೊತ್ತಾತಿಲ್ಲೇನು? ತಾಳ ಬಿಡೂ ಮಂದಿ ಅಂಗಡ್ಯಾಗ ಕುಂತ್ರ ತಕ್ಕಡೀನೂ ಬಿಡ್ತಾರ,” ಎಂದರು. ಸುಕುಮಾರ ಎದ್ದು ಹೊರಗೆ ಹೋದ. ಹೋಗುವಾಗ ನನ್ನ ಕಡೆ ನೋಡಿದ ನೋಟ ನನ್ನ ವೃತ್ತಿಯ ಸಂಪಾದನೆ ಎಂದು ಇಂದಿಗೂ ತಿಳಿದಿದ್ದೇನೆ.

‘ಹೊಳಿಸಾಲ’ ಆಮೇಲೆ ಹಲವು ವರ್ಷ ಬಾಳಿತು. ಒಂದು ಕ್ಯಾಸೆಟ್ ತಂದರು. ಪ್ರತಿ ಕಾರ್ಯಕ್ರಮಕ್ಕೂ ನನ್ನನ್ನು ಕರೆದರು; ನಾನು ಬೈದು ಬರೆದಾಗಲೂ ಮತ್ತೆ ಕರೆದರು. ಆ ವಿಮರ್ಶೆ ಓದಿದ ಬೆಲ್ಲದ ಬಾಗೇವಾಡಿಯ ಒಂದು ಭಜನಾ ಮೇಳದವರು ಕೋಣೆಗೆ ಬಂದು, “ನಮ್ದೂ ಒಂದ್ಸಲ ಕೂತ ಕೇಳ್ರಿ, ಎಲ್ಲಿ ತಪ್ಪತೈತಿ ಬರೀರಿ,” ಎಂದರು. ಹೀಗೆ ಒಬ್ಬೊಬ್ಬರಾಗಿ ಬಂದು, ವೇದಿಕೆಯ ಹೆಸರು ಬರೆದುಕೊಳ್ಳುತ್ತಿದ್ದವನನ್ನು ಕೇಳುವವನನ್ನಾಗಿ ಮಾಡಿದರು. ಈ ಉಪಕಾರವನ್ನು ನಾನು ಯಾರಿಗೆಂದು ತೀರಿಸಲಿ?

ನಾನು ನಿವೃತ್ತನಾದಾಗ ಗೋಕಾಕದಲ್ಲಿ ಗೆಳೆಯರು ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ವೇದಿಕೆ, ಎಲ್ಲ ಅದೇ ಅಚ್ಚು. ಈ ಸಲ ನಾನೂ ಆ ಅಚ್ಚಿನೊಳಗೆ ಕೂತಿದ್ದೆ. ಒಬ್ಬರಿಗಿಂತ ಒಬ್ಬರು ಹೊಗಳಿದರು. ನನಗೆ ನಿದ್ದೆ ಬರುವಂತಾಗಿತ್ತು. ಕೊನೆಗೆ ಸುಕುಮಾರ ಎದ್ದ. ಈಗ ಅಂಗಡಿಯನ್ನು ಅವನೇ ನೋಡಿಕೊಳ್ಳುತ್ತಾನೆ, ಸಂಜೆ ಅದರ ಮಾಳಿಗೆಯ ಮೇಲೆ ಮಕ್ಕಳಿಗೆ ಗಿಟಾರು ಕಲಿಸುತ್ತಾನೆ. ಕೂದಲು ನರೆತಿದೆ.

“ಸರ್ ಬರದದ್ದೆಲ್ಲಾ ಓದೇನ್ರಿ. ಭಾಳ ಚಲೋ ಬರೀತಾರ. ಆದ್ರ ಪ್ರತಿಯೊಂದರ ಕಡೀಕೂ ಒಂದು ಉಪದೇಶ ಹಾಕ್ತಾರ. ಅದರಾಗ ಸರ್ ತಾಳ ಬಿಡ್ತಾರ,” ಎಂದು ಹೇಳಿ ಕೂತುಬಿಟ್ಟ.

ವೇದಿಕೆಯ ಮೇಲಿದ್ದವರು ನನ್ನ ಮುಖ ನೋಡಿದರು. ನಾನು ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟು ಮನಸಾರೆ ನಕ್ಕೆ. ಅಷ್ಟು ಜನರಲ್ಲಿ ನನ್ನನ್ನು ಕೊನೆಯ ಸಾಲಿನವರೆಗೆ ಓದಿದವನು ಒಬ್ಬನಿದ್ದ.

ಈ ಕೆಲಸ ನನಗೆ ಏನು ಕಲಿಸಿತು ಎಂದು ಬರೆಯಬೇಕಾದ ಜಾಗ ಇದು. ಸುಕುಮಾರ ಓದುತ್ತಾನೆ ಎಂದು ಗೊತ್ತಿರುವುದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ.