ಮೈಸೂರಿಗೆ ಹೋದ ಮಿಡಿ ಉಪ್ಪಿನಕಾಯಿ

ಸಿದ್ದಾಪುರ, ಯಲ್ಲಾಪುರದ ಹೊಳೆಸಾಲಿನಲ್ಲಿ ಉಪ್ಪಿನಕಾಯಿಗಾಗುವ ಅಪ್ಪೆಮಿಡಿ ಬಿಡುವ ಮಾವಿನ ಮರಗಳಿವೆ. ಅವುಗಳ ಬಗ್ಗೆ ನಾನೊಂದು ವೆಬ್‌ಸೈಟ್ ಮಾಡಿದ್ದೆ. ಯಾವ ಮರದ ಮಿಡಿಗೆ ಜೀರಿಗೆ ವಾಸನೆ, ಯಾವುದಕ್ಕೆ ಕರ್ಪೂರದ್ದು ಎಂದೆಲ್ಲ ಫೋಟೊ ಸಮೇತ ಬರೆದಿದ್ದೆ. ನೋಡಿದವರು ಮಾತ್ರ ನಾನು ಮತ್ತು ಶಿರಸಿಯ ಸೈಬರ್ ಕೆಫೆಯವನು. ಆ ಕಾಲಕ್ಕೆ ಜನ ಬರಬೇಕೆಂದರೆ ಸೈಟುಗಳನ್ನು ವಿಷಯವಾರು ಪಟ್ಟಿಮಾಡುವ ವೆಬ್ ಡೈರೆಕ್ಟರಿಯಲ್ಲಿ ಹೆಸರಿರಬೇಕಿತ್ತು. ಅಲ್ಲಿ ಸಂಬಳವಿಲ್ಲದ ಸ್ವಯಂಸೇವಕ ಸಂಪಾದಕರು ಒಂದೊಂದೇ ಸೈಟು ಓದಿ, ಯೋಗ್ಯವೆನಿಸಿದರೆ ಸೇರಿಸುತ್ತಿದ್ದರು. ನಾನೂ ಅರ್ಜಿ ತುಂಬಿದೆ. ವಿವರಣೆಯಲ್ಲಿ 'ಜಗತ್ತಿನಲ್ಲೇ ಮೊದಲು' ಎಂದು ಕೊಚ್ಚಿಕೊಂಡಿದ್ದೆ.

ಏಳು ತಿಂಗಳ ಮೇಲೆ ಉತ್ತರ ಬಂತು. ನಮ್ಮ ವಿಭಾಗ ನೋಡುತ್ತಿದ್ದವರು ಮೈಸೂರಿನ ನಿವೃತ್ತ ಗುಮಾಸ್ತರೊಬ್ಬರು. ನನ್ನ ಜಂಬವನ್ನೆಲ್ಲ ಕತ್ತರಿಸಿ, ಒಂದೇ ಸಾಲು ಉಳಿಸಿ, ಸೈಟನ್ನು ಸೇರಿಸಿದ್ದರು. ಎರಡು ಮರಗಳ ಫೋಟೊ ಅದಲುಬದಲಾಗಿದೆಯೆಂದೂ ತಿಳಿಸಿದ್ದರು. ಅಷ್ಟು ಗಮನವಿಟ್ಟು ಅದನ್ನು ಓದಿದವರು ಅವರೊಬ್ಬರೇ.

ಯಲ್ಲಾಪುರದ ಅಕ್ಕನಿಗೆ ಹೇಳಿದೆ. "ಬರೀ ಬಾಯಲ್ಲಿ ಉಪಕಾರ ಆತು ಹೇಳಿರೆ ಸಾಕಾ? ಒಂದು ಬಾಟ್ಲಿ ಮಿಡಿ ಕಳ್ಸು ಮಾರಾಯ" ಎಂದಳು. ವಿಳಾಸ ಕೇಳಿದರೆ ಅವರು ಬೇಡವೇ ಬೇಡವೆಂದರು. ನಮ್ಮ ಕಡೆ ಮೊದಲ 'ಬೇಡ'ಕ್ಕೆ ಯಾರು ಸುಮ್ಮನಾಗುತ್ತಾರೆ? ಬಿಡದೆ ಕಾಡಿ ವಿಳಾಸ ಪಡೆದು ಕಳಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಸೈಟಿನ ಮುಖಪುಟದಲ್ಲಿ 'ನಮ್ಮನ್ನು ಸೇರಿಸಿದ ಸಂಪಾದಕರಿಗೆ ಉಪ್ಪಿನಕಾಯಿ ಕಾಣಿಕೆ ಸಲ್ಲಿಸಿದ್ದೇವೆ' ಎಂದು ದಪ್ಪಕ್ಷರದಲ್ಲಿ ಹಾಕಿದೆ.

ಯಾರೋ ದೂರು ಕೊಟ್ಟರು. ಉಡುಗೊರೆ ಪಡೆದು ಸೈಟು ಸೇರಿಸುವ ಸಂಪಾದಕರನ್ನು ಅಲ್ಲಿ ತೆಗೆದುಹಾಕುತ್ತಿದ್ದರು. ಡೈರೆಕ್ಟರಿಯ ಮೇಲಿನವರು ನನಗೇ ಬರೆದು ಕೇಳಿದರು: ಕಾಣಿಕೆ ಕೊಟ್ಟದ್ದು ಸೇರಿಸುವ ಮೊದಲೋ, ಆಮೇಲೋ? 'ಆಮೇಲೆ' ಎಂದು ಒಂದು ಪದ ಬರೆದಿದ್ದರೆ ಆ ಮನುಷ್ಯ ಉಳಿಯುತ್ತಿದ್ದರು. ತಾರೀಖಿನ ಮುದ್ರೆ ಬಿದ್ದ ಅಂಚೆ ರಸೀದಿಯೂ ನನ್ನ ಹತ್ತಿರವೇ ಇತ್ತು. ನಾನು ಬರೆಯಲಿಲ್ಲ. ಕಾಣಿಕೆ ಕೊಟ್ಟದ್ದು ನಿಜವೆಂದು ಒಪ್ಪಿಕೊಂಡರೆ ನನ್ನ ಸೈಟೂ ಹೋದೀತೆಂಬ ಹೆದರಿಕೆ. ಮುಖಪುಟದ ಸಾಲು ಅಳಿಸಿ ತೆಪ್ಪಗೆ ಕೂತೆ. ನಾಚಿಕೆಗೇಡು, ಬೇರೆ ಮಾತಿಲ್ಲ.

ತಿಂಗಳ ನಂತರ ಮೈಸೂರಿನ ಆ ಗುಮಾಸ್ತರ ಮೇಲ್ ಬಂತು. "ಸಂಪಾದಕನ ಕೆಲಸದಿಂದ ನನ್ನನ್ನು ಬಿಡಿಸಿದರು. ನಿಮಗೂ ಏನಾದರೂ ಬರೆದು ತೊಂದರೆ ಕೊಟ್ಟರೇ? ಸೈಟು ಒಳ್ಳೆಯದಿದೆ, ತೆಗೆಯಬೇಡಿ ಎಂದು ಅವರನ್ನು ಕೇಳಿಕೊಂಡಿದ್ದೇನೆ. ಆ ಎರಡು ಫೋಟೊ ಇನ್ನೂ ಹಾಗೇ ಇವೆ, ಸರಿಮಾಡಿ."

ಫೋಟೊ ಅವತ್ತೇ ಸರಿಮಾಡಿದೆ. ಅವರು ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಬರೆದಿಲ್ಲ.